ಇಪ್ಪತ್ತೊಂದು ದಿನ



ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡವನ್ನು ನಮ್ಮ ಮನೆಗಳಲ್ಲಿ ಓದುವವರು ಕಡಿಮೆ. ಗೋತ್ರಗಳ ಲೆಕ್ಕ, ಹೆಸರುಗಳ ಪಟ್ಟಿ, ಜನಗಣತಿ ಎಂದು ಪುಟ ಮಗುಚಿಬಿಡುತ್ತೇವೆ. ಸೆಮಿನರಿಯಲ್ಲಿದ್ದಾಗ ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಅದರ ೨೭ನೆಯ ಅಧ್ಯಾಯದಲ್ಲಿ ಐದು ಮಂದಿ ಅಕ್ಕತಂಗಿಯರ ಹೆಸರು ಬರುತ್ತದೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ತಂದೆ ಚಲ್ಪಹಾದ ಮರುಭೂಮಿಯಲ್ಲಿ ತೀರಿಕೊಂಡಿದ್ದ. ಅವನಿಗೆ ಗಂಡುಮಕ್ಕಳಿರಲಿಲ್ಲ. ವಾಗ್ದತ್ತ ನಾಡಿನ ಭೂಮಿಯನ್ನು ಯಾರಿಗೆ ಎಷ್ಟು ಹಂಚಬೇಕೆಂದು ಪಟ್ಟಿ ಸಿದ್ಧವಾಗುತ್ತಿದ್ದ ಕಾಲ ಅದು. ಗಂಡುಮಕ್ಕಳಿಲ್ಲದವನ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದರಲ್ಲಿತ್ತು.

ಆ ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಹಣೆಬರಹ ಎನ್ನಲಿಲ್ಲ. ದೇವದರ್ಶನದ ಗುಡಾರದ ಬಾಗಿಲಿಗೆ ಬಂದರು. ಮೋಶೆ, ಯಾಜಕ ಎಲ್ಲಾಜಾರ, ಮುಖಂಡರು, ಇಡೀ ಸಮುದಾಯ ಎದುರಿಗಿರುವಾಗ ನಿಂತು ತಮ್ಮ ಅಹವಾಲನ್ನು ಹೇಳಿದರು. ತಕ್ಷಣ ಕೊಡಲು ಮೋಶೆಯ ಹತ್ತಿರ ಉತ್ತರವಿರಲಿಲ್ಲ. ಅವನು ಆ ಮಾತನ್ನು ದೇವರ ಬಳಿಗೆ ಕೊಂಡೊಯ್ದ. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯವಾಗಿದೆ ಎಂದರು ದೇವರು. ಅವರಿಗೆ ಭೂಮಿ ಸಿಕ್ಕಿತು; ಅಷ್ಟೇ ಅಲ್ಲ, ಇಸ್ರಯೇಲಿನ ಕಾನೂನಿಗೇ ಹೊಸ ವಿಧಿಯೊಂದು ಸೇರಿತು.

ಅಧಿಕಾರದಲ್ಲಿರುವವರ ಮುಂದೆ, ಎಲ್ಲರಿಗೂ ಕೇಳಿಸುವಂತೆ, ತಮ್ಮ ನೆಲದ ವಿಷಯ ಮಾತನಾಡುವುದಕ್ಕೆ ಇಂದಿನ ಸರ್ಕಾರಿ ಭಾಷೆಯಲ್ಲಿ ಸಾರ್ವಜನಿಕ ಅಹವಾಲು ಎನ್ನುತ್ತಾರೆ. ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಎರಡು ಹಳ್ಳಿಗಳಿಗೆ ಕಳೆದ ತಿಂಗಳು ಅಳತೆಯವರು ಬಂದು ಹೋಗಿದ್ದಾರೆ. ಎಣ್ಣೆ ಸಾಗಿಸುವ ಕೊಳವೆಮಾರ್ಗ ಬರುತ್ತದಂತೆ ಎಂಬ ಸುದ್ದಿ ಹಬ್ಬಿದೆ. ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನನ್ನನ್ನು ಕೇಳುತ್ತಾರೆ: "ಸ್ವಾಮಿ, ಸಭೆ ಗಿಭೆ ಕರೆದರೆ ಹೋಗಬೇಕಾ? ಹೋಗಿ ಏನು ಪ್ರಯೋಜನ?"

ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಹದಿನಾಲ್ಕು ವರ್ಷಗಳ ಹಿಂದೆ ನಾನು ಬೇರೊಂದು ಜಿಲ್ಲೆಯಲ್ಲಿ ಸಹಾಯಕ ಗುರುವಾಗಿದ್ದೆ. ಒಂದು ಶನಿವಾರ ಸಂಜೆ ವಿಧವೆ ತಾಯಿಯೊಬ್ಬರು ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಲಕೋಟೆಯೊಂದನ್ನು ತಂದರು. ಅವರಿಗಿದ್ದದ್ದು ಒಂದು ಎಕರೆ ತೆಂಗಿನ ತೋಟ, ಅದರ ಪಕ್ಕದಲ್ಲಿ ಒಂದಿಷ್ಟು ರಾಗಿ ಹೊಲ. "ಏನಿದು ಓದಿ ಹೇಳಿ ಸ್ವಾಮಿ" ಎಂದರು. ನಾನು ಕಣ್ಣಾಡಿಸಿದೆ. ಅವರ ಸರ್ವೆ ನಂಬರಿನಲ್ಲಿ ಕೊಳವೆ ಹಾಕಲು ಬಳಕೆಯ ಹಕ್ಕನ್ನು ಪಡೆಯುತ್ತಾರೆಂದು ಬರೆದಿತ್ತು. ಹೊರಗೆ ಮದುವೆಯ ಜೋಡಿಯೊಂದು ನನಗಾಗಿ ಕಾಯುತ್ತಿತ್ತು. "ಭೂಮಿ ನಿಮ್ಮದೇ ಇರುತ್ತೆ ಅಮ್ಮ, ನೆಲದಡಿ ಕೊಳವೆ ಹೋಗುತ್ತೆ ಅಷ್ಟೆ. ಸರ್ಕಾರದ ಕೆಲಸ, ನಾವು ತಡೆಯೋಕಾಗುತ್ತಾ? ಪ್ರಾರ್ಥನೆ ಮಾಡೋಣ" ಎಂದೆ. ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಿದೆ.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಭೂಮಿ ನಿಜಕ್ಕೂ ಅವರ ಹೆಸರಿನಲ್ಲೇ ಉಳಿಯಿತು. ಆದರೆ ಆ ಕಾಗದದ ಕೊನೆಯ ಸಾಲುಗಳನ್ನು ನಾನು ಓದಿರಲಿಲ್ಲ. ಆಕ್ಷೇಪಣೆ ಇದ್ದವರು ಇಪ್ಪತ್ತೊಂದು ದಿನಗಳೊಳಗೆ ಬರೆದು ಕೊಡಬಹುದೆಂದು ಅಲ್ಲಿತ್ತು. ಕೊಳವೆ ತೋಟದ ನಡುವೆಯೇ ಹಾದುಹೋಯಿತು. ಮರಗಳಿಗೆ ಪರಿಹಾರ ಬಂತು, ಇಲ್ಲವೆನ್ನಲಾರೆ. ಆದರೆ ಆ ಪಟ್ಟಿಯಲ್ಲಿ ಮತ್ತೆ ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ ಎಂಬುದು ಆಮೇಲೆ ತಿಳಿಯಿತು. ಮಗನಿಗೆ ಮನೆ ಕಟ್ಟಿಕೊಡಬೇಕೆಂದು ಆ ತಾಯಿ ಇಟ್ಟುಕೊಂಡಿದ್ದ ಜಾಗ ಅದೇ.

ಪಕ್ಕದೂರಿನ ರೈತರೊಬ್ಬರು ತಮ್ಮ ಹೊಲದಲ್ಲಿ ನೀರಿನ ಸೆಲೆ ಎಲ್ಲಿದೆಯೆಂದು ಕೈಯಲ್ಲೇ ನಕ್ಷೆ ಬರೆದು ಅರ್ಜಿ ಕೊಟ್ಟಿದ್ದರು. ಅಧಿಕಾರಿ ಅವರನ್ನು ಕರೆಸಿ ಕೇಳಿ, ಮಾರ್ಗವನ್ನು ಅವರ ಹೊಲದ ಬದುವಿನ ಕಡೆಗೆ ಸರಿಸಿದರು. ಅದೇ ಕೊಳವೆ, ಅದೇ ಅಧಿಕಾರಿ. ಆ ತಾಯಿಗೆ ಇದು ಸಂತೆಯಲ್ಲಿ ಗೊತ್ತಾಯಿತು. ನನ್ನನ್ನು ಕಂಡಾಗ ಸಿಟ್ಟು ಮಾಡಲಿಲ್ಲ. "ಬರೆದು ಕೊಡಬಹುದಿತ್ತಂತೆ ಸ್ವಾಮಿ, ನೀವು ಹೇಳಲೇ ಇಲ್ಲ" ಎಂದರು, ಅಷ್ಟೆ. ಬರೆದಿದ್ದರೂ ಅವರ ತೋಟ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಉಳಿಯದೆಯೂ ಇರಬಹುದಿತ್ತು. ಆದರೆ ಕಾಗದವನ್ನು ಓದಿ ಹೇಳಿ ಎಂದು ಬಂದವರಿಗೆ ನಾನು ಓದಿ ಹೇಳುವ ಬದಲು ಪ್ರಾರ್ಥನೆ ಮಾಡೋಣ ಎಂದೆ. ಪ್ರಾರ್ಥನೆಯನ್ನು ಅಂಥ ಕೆಲಸಕ್ಕೆ ಬಳಸಿಕೊಂಡದ್ದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ.

ಆಮೇಲೆ ಕುಳಿತು ಆ ಕಾನೂನನ್ನು ಓದಿದೆ. ನಿಮಗೂ ತಿಳಿದಿರಲಿ. ಪೆಟ್ರೋಲಿಯಂ ಕೊಳವೆಗಳಿಗಾಗಿ ಜಮೀನಿನ ಬಳಕೆಯ ಹಕ್ಕನ್ನು ಪಡೆಯುವ ಕೇಂದ್ರ ಕಾನೂನು ೧೯೬೨ರದು. ಅದರ ಮೂರನೆಯ ವಿಧಿಯಂತೆ ಮೊದಲು ಅಧಿಸೂಚನೆ ಹೊರಡುತ್ತದೆ. ಐದನೆಯ ವಿಧಿಯಂತೆ, ಆ ಜಮೀನಿನಲ್ಲಿ ಹಿತಾಸಕ್ತಿ ಉಳ್ಳ ಯಾರೇ ಆಗಲಿ ಇಪ್ಪತ್ತೊಂದು ದಿನಗಳೊಳಗೆ ಸಕ್ಷಮ ಪ್ರಾಧಿಕಾರಿಗೆ ಕಾರಣ ಸಹಿತ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸಲ್ಲಿಸಿದವರನ್ನು ಆ ಅಧಿಕಾರಿ ಕರೆದು ಕೇಳಲೇಬೇಕು. ಅವರು ತಾವೇ ಹೋಗಬಹುದು, ವಕೀಲರನ್ನೂ ಕಳುಹಿಸಬಹುದು. ಒಂಬತ್ತನೆಯ ವಿಧಿಯಲ್ಲಿದೆ ಮರ, ಬಾವಿ, ಕೆರೆ, ಕಟ್ಟಡಗಳ ನಿರ್ಬಂಧ. ಹತ್ತನೆಯದು ಪರಿಹಾರದ್ದು: ಆದ ನಷ್ಟಕ್ಕೆ ಪರಿಹಾರ, ಅದರ ಮೇಲೆ ಬಳಕೆಯ ಹಕ್ಕಿಗಾಗಿ ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡ ಹತ್ತು. ಅದು ಸಾಲದೆನಿಸಿದರೆ ಜಿಲ್ಲಾ ನ್ಯಾಯಾಧೀಶರ ಬಳಿಗೆ ಹೋಗಬಹುದು. ರಾಗಿ, ಜೋಳ, ಹುರುಳಿ ಬೆಳೆಯುವವನಿಗೆ ಕೊಳವೆ ಹೂತ ಮೇಲೂ ಬೇಸಾಯ ನಡೆಯುತ್ತದೆ. ತೆಂಗು, ಅಡಿಕೆ, ಕಾಫಿ ಇಟ್ಟವನಿಗೆ ಹಾಗಲ್ಲ. ಒಂದೇ ಕೊಳವೆ ಇಬ್ಬರು ಅಕ್ಕಪಕ್ಕದವರಿಗೆ ಬೇರೆ ಬೇರೆ ಬಗೆಯಲ್ಲಿ ತಟ್ಟುತ್ತದೆ. ಅದಕ್ಕೇ ಪ್ರತಿಯೊಬ್ಬರೂ ತಮ್ಮದನ್ನು ತಾವೇ ಹೇಳಬೇಕಾಗುತ್ತದೆ.

ಪರಿಸರದ ಅಹವಾಲು ಸಭೆಯದು ಬೇರೆ ದಾರಿ. ೨೦೦೬ರ ಕೇಂದ್ರ ಅಧಿಸೂಚನೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಸೂಕ್ಷ್ಮ ಪರಿಸರದ ಪ್ರದೇಶಗಳ ಮೂಲಕ ಹಾದುಹೋಗುವ ತೈಲ ಮಾರ್ಗಗಳು ಆ ಪಟ್ಟಿಯಲ್ಲಿ ಬರುತ್ತವೆ; ಎಲ್ಲ ಕೊಳವೆಗಳಿಗೂ ಸಭೆ ಇರುವುದಿಲ್ಲ. ಇದ್ದಲ್ಲಿ ಕನಿಷ್ಠ ಮೂವತ್ತು ದಿನಗಳ ಮುನ್ಸೂಚನೆ ಕೊಡಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಯೊಬ್ಬರು ಸಭೆ ನಡೆಸುತ್ತಾರೆ. ಕಲಾಪವನ್ನೆಲ್ಲ ವಿಡಿಯೋ ಮಾಡಬೇಕು. ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಈ ಸಭೆಗೆ ಕೋರಂ ಇಲ್ಲ. ಮೂರೇ ಜನ ಬಂದರೂ ಸಭೆ ನಡೆದಂತೆಯೇ. ಬಾರದವರ ಮೌನಕ್ಕಾಗಿ ಯಾರೂ ಕಾಯುವುದಿಲ್ಲ.

ಈಗ ವಿಶ್ವಾಸದ ಮಾತಿಗೆ ಬರೋಣ. ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ಮಕ್ಕಳಿದ್ದಾಗಲೇ ಬಾಯಿಪಾಠ ಮಾಡಿದ್ದೇವೆ. ಸುಳ್ಳು ಹೇಳದಿದ್ದರೆ ಕಟ್ಟಳೆ ಪಾಲಿಸಿದಂತಾಯಿತೆಂದು ನಮ್ಮ ಎಣಿಕೆ. ಆದರೆ ಸತ್ಯ ಗೊತ್ತಿದ್ದು, ಹೇಳಬೇಕಾದ ಸ್ಥಳದಲ್ಲಿ ಬಾಯಿ ಮುಚ್ಚಿಕೊಂಡವನನ್ನು ಏನೆಂದು ಕರೆಯೋಣ? ಸಾಕ್ಷಿಯಾಗಿದ್ದವನು ತಾನು ಕಂಡದ್ದನ್ನು ಹೇಳದೆ ಹೋದರೆ ದೋಷಕ್ಕೆ ಗುರಿಯಾಗುತ್ತಾನೆಂದು ಯಾಜಕಕಾಂಡದ ಐದನೆಯ ಅಧ್ಯಾಯದ ಆರಂಭದಲ್ಲೇ ಇದೆ. ನಾವು ಬಲಿಪೂಜೆಯ ಆದಿಯಲ್ಲಿ ಕ್ಷಮೆ ಬೇಡುವಾಗ ಮಾಡಿದ ತಪ್ಪುಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳನ್ನೂ ಎಣಿಸುತ್ತೇವಲ್ಲವೇ?

"ನಮಗೇನು ಗೊತ್ತು ಸ್ವಾಮಿ, ಇಂಜಿನಿಯರುಗಳಿಗೆ ಗೊತ್ತಿರುತ್ತೆ" ಎನ್ನುವವರಿದ್ದಾರೆ. ಈ ವಿನಯ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಸೆಮಿನರಿಯಲ್ಲಿ ನಾವು ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ವಿವೇಕ ಎಂಬ ಸದ್ಗುಣದ ಭಾಗ ಬರುತ್ತಿತ್ತು. ವಿವೇಕದ ಮೊದಲ ಕೆಲಸ ಸಮಾಲೋಚನೆ, ಆಮೇಲೆ ತೀರ್ಮಾನ, ಕೊನೆಗೆ ಆಜ್ಞೆ ಎಂಬುದು ಅವರ ಕ್ರಮ. ಅಲ್ಲಿಗೆ ನಿಲ್ಲದೆ ಇನ್ನೂ ಒಂದು ಮಾತು ಸೇರಿಸುತ್ತಾರೆ. ಬದುಕಿನ ವ್ಯವಹಾರಗಳಲ್ಲಿ ವಿವರಗಳು ಲೆಕ್ಕವಿಲ್ಲದಷ್ಟು, ಯಾವ ಒಬ್ಬ ಮನುಷ್ಯನೂ ಅವನ್ನೆಲ್ಲ ಕಂಡು ಮುಗಿಸಲಾರ, ಆದ್ದರಿಂದ ಇತರರಿಂದ, ಅದರಲ್ಲೂ ವಯಸ್ಸಾದವರಿಂದ ಕಲಿಯಬೇಕು, ಪಂಡಿತನೂ ಕಲಿಯಲೇಬೇಕು. ಪರೀಕ್ಷೆಗಾಗಿ ಇದನ್ನು ಉರುಹೊಡೆದಿದ್ದೆ. ಅರ್ಥವಾದದ್ದು ಹಳ್ಳಿಗೆ ಬಂದ ಮೇಲೆ. ಆಷಾಢದಲ್ಲಿ ಯಾವ ಗದ್ದೆಯ ಮೂಲೆಯಲ್ಲಿ ನೀರು ಉಕ್ಕುತ್ತದೆ, ಯಾವ ಹಳ್ಳ ಹತ್ತು ವರ್ಷಕ್ಕೊಮ್ಮೆ ದಾರಿ ಬದಲಿಸುತ್ತದೆ, ಯಾವ ದಿಬ್ಬದ ಮಣ್ಣು ಸಡಿಲ, ಊರವರ ಕುಡಿಯುವ ನೀರಿನ ಸೆಲೆ ಎಲ್ಲಿಂದ ಬರುತ್ತದೆ, ಹಳೆಯ ಸಮಾಧಿಗಳು ಎಲ್ಲಿವೆ, ಇದೆಲ್ಲ ನಕ್ಷೆಯಲ್ಲಿ ಇರುವುದಿಲ್ಲ. ನಿಮ್ಮ ತಲೆಯಲ್ಲಿದೆ. ಕೊಳವೆಯ ಮೇಲೆ ಸುಮಾರು ಒಂದು ಮೀಟರ್ ಮಣ್ಣು ಇರುತ್ತದೆಂದು ಇಂಜಿನಿಯರಿಗೆ ಗೊತ್ತು. ಆ ಮಣ್ಣು ಯಾವ ಮಳೆಗೆ ಕೊಚ್ಚಿಹೋಗುತ್ತದೆಂದು ನಿಮಗೆ ಗೊತ್ತು.

ದೇವರೇ ಈ ದಾರಿಯನ್ನು ತೋರಿಸಿಕೊಟ್ಟಿದ್ದಾರೆ. ಆದಿಕಾಂಡದ ೧೮ನೆಯ ಅಧ್ಯಾಯವನ್ನು ಇಂದು ರಾತ್ರಿ ಜಪಮಾಲೆಯ ನಂತರ ಮನೆಯವರೆಲ್ಲ ಕೂಡಿ ಓದಿ. ಸೊದೋಮಿನ ವಿಷಯದಲ್ಲಿ ತಾವು ಮಾಡಲಿರುವುದನ್ನು ಅಬ್ರಹಾಮನಿಗೆ ಮುಚ್ಚಿಡುವುದು ಸರಿಯೇ ಎಂದು ದೇವರು ತಮ್ಮಲ್ಲೇ ಕೇಳಿಕೊಳ್ಳುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲದ ಸರ್ವಶಕ್ತರು ಒಬ್ಬ ಮನುಷ್ಯನಿಗೆ ಮುಂಚಿತವಾಗಿ ತಿಳಿಸಿ, ಅವನು ಚೌಕಾಸಿ ಮಾಡುವುದನ್ನು ಕೇಳುತ್ತಾ ನಿಲ್ಲುತ್ತಾರೆ. ಐವತ್ತರಿಂದ ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು. ಅಬ್ರಹಾಮ ಧೂಳು ಬೂದಿಯಾದ ನಾನು ಎನ್ನುತ್ತಲೇ ಮಾತು ಮುಂದುವರಿಸುತ್ತಾನೆ. ವಿನಯ ಎಂದರೆ ಅದು. ಆ ಪಟ್ಟಣ ಕೊನೆಗೂ ಉಳಿಯಲಿಲ್ಲ ನಿಜ. ಅಲ್ಲಿ ಹತ್ತು ಮಂದಿ ನೀತಿವಂತರೂ ಇರಲಿಲ್ಲ. ಆದರೆ ಅಬ್ರಹಾಮ ಕೇಳಿದ್ದು ತಪ್ಪೆಂದು ದೇವರು ಎಲ್ಲಿಯೂ ಹೇಳಲಿಲ್ಲ.

ನಮ್ಮ ಧರ್ಮಸಭೆಯ ಕಾನೂನಿಗೂ ಇದು ಹೊಸದಲ್ಲ. ಎಲ್ಲರಿಗೂ ತಟ್ಟುವ ವಿಷಯಕ್ಕೆ ಎಲ್ಲರ ಒಪ್ಪಿಗೆ ಬೇಕೆಂಬ ನಿಯಮ ಜಗದ್ಗುರು ಎಂಟನೆಯ ಬೊನಿಫಾಸರು ೧೨೯೮ರಲ್ಲಿ ಹೊರಡಿಸಿದ ಸಂಗ್ರಹದಲ್ಲಿದೆ. ೧೯೮೩ರ ಸಂಹಿತೆಯಲ್ಲೂ ಉಳಿದಿದೆ. ನಾವು ಗುರುಗಳು ಅದನ್ನು ಎಷ್ಟು ಪಾಲಿಸಿದ್ದೇವೆಂಬುದು ಬೇರೆ ಪ್ರಶ್ನೆ, ಪಾಲನಾ ಸಮಿತಿಯವರು ಈ ಸಾಲನ್ನು ಓದಿ ನಗುತ್ತಿರಬಹುದು.

ಹೋಗಿ ಏನು ಪ್ರಯೋಜನ ಎಂದಿರಲ್ಲ, ಅದಕ್ಕೆ ದೂರದ ಒಂದು ನಿಜ ಪ್ರಸಂಗ ಹೇಳುತ್ತೇನೆ. ಕೆನಡಾ ದೇಶದಲ್ಲಿ ಆಲ್ಬರ್ಟ ಪ್ರಾಂತ್ಯದ ಎಣ್ಣೆಯನ್ನು ಪಶ್ಚಿಮ ಕರಾವಳಿಯ ಕಿಟಿಮಾಟ್ ಎಂಬ ಸಣ್ಣ ಊರಿಗೆ ಸಾಗಿಸಲು ಸುಮಾರು ೧,೧೭೭ ಕಿಲೋಮೀಟರ್ ಉದ್ದದ ನಾರ್ದರ್ನ್ ಗೇಟ್‌ವೇ ಎಂಬ ಕೊಳವೆಮಾರ್ಗದ ಯೋಜನೆ ಬಂತು. ೨೦೧೨ರ ಜನವರಿಯಲ್ಲಿ ಪರಿಶೀಲನಾ ಮಂಡಳಿಯ ಅಹವಾಲು ಸಭೆಗಳು ಆ ಊರಿನ ಪಕ್ಕದ ಹೈಸ್ಲ ಎಂಬ ಮೂಲನಿವಾಸಿಗಳ ಹಳ್ಳಿಯಲ್ಲೇ ಶುರುವಾದವು. ವಯಸ್ಸಾದ ಹಿರಿಯರು ಎದ್ದು ನಿಂತು ತಮ್ಮ ನದಿ, ಮೀನು, ನೆಲದ ನೆನಪುಗಳನ್ನು ಸಾಕ್ಷ್ಯವಾಗಿ ಹೇಳಿದರು. ಮುಂದಿನ ತಿಂಗಳುಗಳಲ್ಲಿ ಬೇರೆ ಬೇರೆ ಊರುಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಬಾಯಿಮಾತಿನಲ್ಲಿ ಹೇಳಿಕೆ ಕೊಟ್ಟರು, ಒಂಬತ್ತು ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು. ಹೇಳಿದವರಲ್ಲಿ ಬಹುಪಾಲು ಬೇಡವೆಂದವರೇ. ಆದರೂ ೨೦೧೪ರ ಜೂನ್‌ನಲ್ಲಿ ಸರ್ಕಾರ ೨೦೯ ಷರತ್ತುಗಳೊಂದಿಗೆ ಅನುಮತಿ ಕೊಟ್ಟುಬಿಟ್ಟಿತು. ಅವತ್ತು ಆ ಹಿರಿಯರಿಗೆ ಎಲ್ಲ ವ್ಯರ್ಥವೆನಿಸಿದ್ದರೆ ಆಶ್ಚರ್ಯವಿಲ್ಲ.

ಮೂಲನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ೨೦೧೬ರ ಜೂನ್‌ನಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಅನುಮತಿಯನ್ನು ರದ್ದುಮಾಡಿತು. ಮಂಡಳಿಯ ವರದಿ ಬಂದ ಮೇಲೆ ಸರ್ಕಾರ ಆ ಜನರೊಂದಿಗೆ ನಡೆಸಬೇಕಾಗಿದ್ದ ಸಮಾಲೋಚನೆ ಅವಸರದ್ದು, ಸಾಲದ್ದು ಎಂದು ಕಾರಣ ಕೊಟ್ಟಿತು. ಅಧಿಕಾರಿಗಳು ಬಂದು ಕೇಳಿ ಬರೆದುಕೊಂಡು ಹೋದರೆ ಮುಗಿಯಲಿಲ್ಲ, ಜನ ಎತ್ತಿದ ಪ್ರಶ್ನೆಗಳಿಗೆ ಉತ್ತರವನ್ನೂ ಕೊಡಬೇಕು ಎಂಬುದು ಆ ತೀರ್ಪಿನ ತಿರುಳು. ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಸರ್ಕಾರ ಯೋಜನೆಯನ್ನೇ ತಿರಸ್ಕರಿಸಿತು. ಜನ ಏನು ಕೇಳಿದ್ದರು, ಯಾವುದಕ್ಕೆ ಉತ್ತರ ಸಿಗಲಿಲ್ಲ ಎಂಬುದು ಕಡತದಲ್ಲಿ ಇರದಿದ್ದರೆ ನ್ಯಾಯಾಧೀಶರು ಯಾವುದನ್ನು ನೋಡಿ ತೂಗಬೇಕಿತ್ತು?

ಇದನ್ನು ಕೇಳಿ ಪ್ರತಿ ಬಾರಿಯೂ ಹಾಗೇ ಆಗುತ್ತದೆಂದು ಭಾವಿಸಬೇಡಿ. ಅದೇ ಕೆನಡಾದಲ್ಲಿ ಟ್ರಾನ್ಸ್ ಮೌಂಟನ್ ಎಂಬ ಇನ್ನೊಂದು ತೈಲ ಮಾರ್ಗದ ವಿಸ್ತರಣೆಗೂ ೨೦೧೮ರಲ್ಲಿ ಅದೇ ನ್ಯಾಯಾಲಯ ತಡೆ ಹಾಕಿತು. ಸರ್ಕಾರ ಮತ್ತೆ ಸಮಾಲೋಚನೆ ನಡೆಸಿ ೨೦೧೯ರಲ್ಲಿ ಪುನಃ ಅನುಮತಿ ನೀಡಿತು. ೨೦೨೪ರ ಮೇ ತಿಂಗಳಿಂದ ಅದರಲ್ಲಿ ಎಣ್ಣೆ ಹರಿಯುತ್ತಿದೆ. ಒಂದು ನಿಂತಿತು, ಒಂದು ಬಂತು. ಸಾಕ್ಷಿ ಹೇಳುವವನಿಗೆ ತೀರ್ಪು ತನ್ನ ಕಡೆ ಆಗುತ್ತದೆಂಬ ಭರವಸೆಯನ್ನು ಶುಭಸಂದೇಶ ಎಲ್ಲಿಯೂ ಕೊಟ್ಟಿಲ್ಲ. ಪಿಲಾತನ ಮುಂದೆ ನಿಂತ ಪ್ರಭು ಯೇಸು ತಾವು ಸತ್ಯಕ್ಕೆ ಸಾಕ್ಷಿಯಾಗಲು ಬಂದವರೆಂದರು. ಆ ವಿಚಾರಣೆ ಹೇಗೆ ಮುಗಿಯಿತೆಂದು ನಮಗೆ ಗೊತ್ತಿದೆ.

ಹಾಗಾದರೆ ಗುರುಗಳು ಕೊಳವೆ ಬೇಡವೆನ್ನುತ್ತಿದ್ದಾರೆಂದು ದಯವಿಟ್ಟು ಊರಲ್ಲಿ ಹೇಳಬೇಡಿ. ನಾನೂ ಬೈಕಿಗೆ ಪೆಟ್ರೋಲ್ ಹಾಕಿಸಿಯೇ ಉಪಧರ್ಮಕೇಂದ್ರಗಳಿಗೆ ಪೂಜೆಗೆ ಹೋಗುವವನು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಸುಮಾರು ೩೬೦ ಕಿಲೋಮೀಟರಿನ ತೈಲ ಕೊಳವೆ ೨೦೦೩ರಿಂದ ಕೆಲಸ ಮಾಡುತ್ತಿದೆ. ಅದರಲ್ಲಿ ಹೋಗುವಷ್ಟನ್ನೆಲ್ಲ ಟ್ಯಾಂಕರುಗಳಲ್ಲಿ ಘಾಟಿ ಹತ್ತಿಸಬೇಕಾಗಿದ್ದರೆ ರಸ್ತೆಯ ಗತಿ ಏನಾಗುತ್ತಿತ್ತೆಂದು ಯೋಚಿಸಿ. ೨೦೧೩ರಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಹೊತ್ತಿಕೊಂಡು ರಸ್ತೆ ಬದಿಯ ಮನೆಯವರು ಸುಟ್ಟು ಸತ್ತದ್ದನ್ನು ಆ ಕಡೆಯವರು ಮರೆತಿಲ್ಲ. ಕೊಳವೆ ಬೇಕೆನ್ನುವವರಲ್ಲೂ ಸತ್ಯವಿದೆ. ಬೇಕೆನಿಸಿದರೆ ಬೇಕೆಂದೇ ಸಭೆಯಲ್ಲಿ ಹೇಳಿ. ಎಲ್ಲಿ, ಹೇಗೆ, ಸೋರಿದರೆ ಯಾರು ಹೊಣೆ, ರಾತ್ರಿ ಯಾರಿಗೆ ಫೋನು ಮಾಡಬೇಕು ಎಂಬುದನ್ನೂ ಕೇಳಿ. ವಿಜ್ಞಾನದ ಪ್ರಶ್ನೆಗಳಿಗೆ ತೀರ್ಪು ಕೊಡುವುದು, ರಾಜಕೀಯದ ಜಾಗದಲ್ಲಿ ಕೂರುವುದು ಧರ್ಮಸಭೆಯ ಕೆಲಸವಲ್ಲ ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು ೨೦೧೫ರ ಲೌದಾತೊ ಸಿ ಪರಿಪತ್ರದಲ್ಲಿ ಸ್ಪಷ್ಟಪಡಿಸಿದ್ದಾರೆ. ಅದೇ ಪತ್ರದಲ್ಲಿ, ಪರಿಸರದ ಪರಿಣಾಮದ ಅಧ್ಯಯನವು ಯೋಜನೆಯೆಲ್ಲ ನಿರ್ಧಾರವಾದ ಮೇಲೆ ಬರಬಾರದು, ಚರ್ಚೆಯಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕು ಎಂದೂ ಹೇಳಿದ್ದಾರೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು.

ಎಚ್ಚರಿಕೆಯ ಒಂದು ಮಾತು. ನಾಬೋತನ ದ್ರಾಕ್ಷಿತೋಟದ ಕಥೆಯಲ್ಲಿ ಈಜೆಬೆಲಳು ಕರೆಸಿದ್ದೂ ಒಂದು ಸಾರ್ವಜನಿಕ ಸಭೆಯನ್ನೇ. ಉಪವಾಸ ಸಾರಿ, ಊರ ಹಿರಿಯರನ್ನು ಕೂಡಿಸಿ, ನಾಬೋತನನ್ನು ಮುಂದೆ ಕೂರಿಸಿ, ಇಬ್ಬರು ದುಷ್ಟರಿಂದ ಸುಳ್ಳು ಸಾಕ್ಷಿ ಹೇಳಿಸಿದಳು. ಎಲ್ಲವೂ ಕ್ರಮಬದ್ಧ! ಆ ಹಿರಿಯರಿಗೆ ನಾಬೋತ ನೆರೆಹೊರೆಯವನು. ಒಬ್ಬನೂ ಬಾಯಿ ತೆರೆಯಲಿಲ್ಲ. ಇಂದಿನ ಸಭೆಗಳಿಗೂ ಬಾಡಿಗೆ ಬಾಯಿಗಳು ಬರಬಹುದು, ಎರಡೂ ಕಡೆಯಿಂದ. ನೋಡದ್ದನ್ನು ನೋಡಿದೆನೆಂದು ಹೇಳಬೇಡಿ. ಮರ ಇಪ್ಪತ್ತಿದ್ದರೆ ಇಪ್ಪತ್ತೇ ಎನ್ನಿ, ಪರಿಹಾರಕ್ಕಾಗಿ ರಾತ್ರೋರಾತ್ರಿ ಸಸಿ ನೆಡಬೇಡಿ. ಅದೂ ಸುಳ್ಳು ಸಾಕ್ಷಿಯೇ.

ಮನೆಯಲ್ಲಿ ಈ ವಿಷಯ ಮಾತಾಡಿ. ಪಹಣಿ ಯಾರ ಹೆಸರಿನಲ್ಲಿದೆ, ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇನ್ನೂ ಇದೆಯೋ ನೋಡಿಕೊಳ್ಳಿ. ಹೆಸರು ಬದಲಾಗದ ಮನೆಗಳಿಗೆ ನೋಟಿಸು ಕೈಸೇರುವುದು ತಡವಾಗುತ್ತದೆ, ದಿನಗಳು ಮಾತ್ರ ಓಡುತ್ತವೆ. ಹೆಣ್ಣುಮಕ್ಕಳ ಪಾಲಿದ್ದರೆ ಅವರನ್ನೂ ಕರೆದು ಕೇಳಿ. ಚಲ್ಪಹಾದನ ಮಕ್ಕಳನ್ನು ದೇವರೇ ಕೇಳಿದ್ದಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನಿಗೆ ಫೋನಿನಲ್ಲಿ ತಿಳಿಸಿ. ನಡೆಯಲಾರದ ಅಜ್ಜಿ ತಾತಂದಿರನ್ನು ಕೇಳಿ ಅವರ ಮಾತನ್ನು ಬರೆದುಕೊಳ್ಳಿ. ಬಾಯಲ್ಲಿ ಹೇಳುವುದರ ಜೊತೆಗೆ ಬರೆದು ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ಮುಂದಿನ ಭಾನುವಾರದಿಂದ ಪ್ರತಿ ಪೂಜೆಯ ನಂತರ ಪಾಲನಾ ಸಮಿತಿಯ ಇಬ್ಬರು ಯುವಕರು ಬಿಳಿ ಹಾಳೆ, ಪೆನ್ನು ಇಟ್ಟುಕೊಂಡು ಗುರುಮನೆಯ ಜಗಲಿಯಲ್ಲಿ ಕುಳಿತಿರುತ್ತಾರೆ. ಇತರ ಧರ್ಮದ ನೆರೆಯವರೂ ಬರಲಿ, ಕೊಳವೆ ಯಾರ ದೇವರು ಯಾರೆಂದು ಕೇಳಿಕೊಂಡು ಹೋಗುವುದಿಲ್ಲ. ಲಕೋಟೆ ಬಂದವರು ಬಂದ ದಿನವೇ ತನ್ನಿ. ನಾನೂ ಅಲ್ಲೇ ಇರುತ್ತೇನೆ. ಈ ಸಲ ಕೊನೆಯ ಸಾಲಿನವರೆಗೂ ಓದುತ್ತೇನೆ.